ಒಂದೇ ಕ್ಯಾಸೆಟ್ಟಿನ ಎರಡು ಮಗ್ಗುಲು

1993ರ ಮೇ ಕೊನೆಗೆ ನೆರೆಮನೆಯ ಇಚ್ಚ ಶಾರ್ಜಾದಿಂದ ರಜೆಯಲ್ಲಿ ಬಂದಿದ್ದರು. ಗಲ್ಫಿನಿಂದ ಯಾರು ಬಂದರೂ ಸುತ್ತಲಿನ ನಾಲ್ಕು ಮನೆಗೆ ಏನಾದರೂ ಹಂಚುವುದು ನಮ್ಮ ಕಾಸರಗೋಡಿನ ಕಡೆಯ ಪದ್ಧತಿ. ಅಮ್ಮನಿಗೆ ಟ್ಯಾಂಗ್ ಡಬ್ಬ ಸಿಕ್ಕಿತು. ಅಜ್ಜಿಗೆ ಗಂಟುನೋವಿಗೆ ಹಚ್ಚುವ ಎಣ್ಣೆ. ನನಗೆ ಒಂದು ಟಿಡಿಕೆ 90 ಕ್ಯಾಸೆಟ್.

ಹೊಸದೇನಲ್ಲ. ಶಾರ್ಜಾದ ರೂಮಿನಲ್ಲಿ ಅವರ ಜೊತೆಗಿದ್ದ ಗೋವಾದ ಹುಡುಗ ಕೆಲಸ ಬಿಟ್ಟು ಹೋಗುವಾಗ ಉಳಿಸಿ ಹೋದದ್ದು. "ಇದರಲ್ಲಿ ಎಂತದೋ ಇಂಗ್ಲಿಷ್ ಗಲಾಟೆ ಉಂಟು. ಅಳಿಸಿ ನಿನ್ನ ಆಟ ರೆಕಾರ್ಡ್ ಮಾಡಿಕೋ" ಅಂದರು.

ನನಗೆ ಆಗ ಯಕ್ಷಗಾನದ ಹುಚ್ಚು. ನೀರ್ಚಾಲು, ಬದಿಯಡ್ಕ, ಮಧೂರು, ಎಲ್ಲಿ ಆಟ ಇದ್ದರೂ ಟೇಪ್ ರೆಕಾರ್ಡರ್ ಹೊತ್ತು ಹೋಗಿ ಹಿಮ್ಮೇಳದ ಹತ್ತಿರ ಕೂರುತ್ತಿದ್ದೆ. ಬೆಳಗಿನವರೆಗಿನ ಆಟಕ್ಕೆ ಎಷ್ಟು ಕ್ಯಾಸೆಟ್ ಇದ್ದರೂ ಸಾಲದು. ಹಾಗಾಗಿ ಇಚ್ಚ ಕೊಟ್ಟದ್ದು ನನ್ನ ಪಾಲಿಗೆ ಖಾಲಿ ಕ್ಯಾಸೆಟ್ಟೇ. ಆದರೆ ಅಷ್ಟರಲ್ಲಿ ಪತ್ತನಾಜೆ ಕಳೆದಿತ್ತು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಐದಾರು ತಿಂಗಳು ರೆಕಾರ್ಡ್ ಮಾಡಲಿಕ್ಕೆ ಆಟವೇ ಇಲ್ಲ. ಕ್ಯಾಸೆಟ್ ಉಳಿದದ್ದು ಹಾಗೆ.

ಆ ಮಳೆಗಾಲದಲ್ಲಿ ಒಂದು ದಿನ ಕರೆಂಟು ಹೋಗಿತ್ತು. ಸುಮ್ನೆ ಕೂತು ಬೇಜಾರಾಗಿ ಸೆಲ್ ಹಾಕಿ ಅದನ್ನು ಕೇಳಿದೆ. ಎ ಮಗ್ಗುಲಿನಲ್ಲಿ ಡೀಪ್ ಪರ್ಪಲ್ ತಂಡದ 'ಮಷಿನ್ ಹೆಡ್'. ಬಿ ಮಗ್ಗುಲಿನಲ್ಲಿ ಲೆಡ್ ಜೆಪ್ಪೆಲಿನ್ ತಂಡದ ನಾಲ್ಕನೇ ಆಲ್ಬಂ, ಅವರು ಹೆಸರೇ ಇಡದೆ ಹೊರಗೆ ಬಿಟ್ಟದ್ದು. ಈ ಹೆಸರೆಲ್ಲ ಆಗ ನನಗೆ ಗೊತ್ತಿಲ್ಲ. ಗೋವಾದ ಹುಡುಗ ಪೆನ್ಸಿಲಿನಲ್ಲಿ ಬರೆದದ್ದು ಅರ್ಧ ಅಳಿಸಿಹೋಗಿತ್ತು. ಎರಡೂ ಒಂದೇ ತಂಡದ್ದು ಅಂತಲೇ ಸುಮಾರು ದಿನ ಅಂದುಕೊಂಡಿದ್ದೆ.

ಅಲ್ಲ ಅಂತ ಹೇಳಿದ್ದು ಮಾವ.

ಮಾವ ಅಂದರೆ ಅಮ್ಮನ ತಮ್ಮ. ಮೇಳದಲ್ಲಿ ಚೆಂಡೆ, ಮದ್ದಳೆ ಎರಡೂ ಬಾರಿಸುತ್ತಿದ್ದವರು. ಪತ್ತನಾಜೆ ಕಳೆದರೆ ನಮ್ಮ ಮನೆಗೆ ಬಂದು ಒಂದೆರಡು ತಿಂಗಳು ಇರುತ್ತಿದ್ದರು. ಮಳೆಗಾಲದಲ್ಲಿ ಜಗಲಿಯಲ್ಲಿ ಒಣ ಅಡಿಕೆ ಸುಲಿಯುವ ಕೆಲಸ. ಹೊರಗೆ ಮಳೆ, ಒಳಗೆ ಅಡಿಕೆ ಸಿಪ್ಪೆಯ ವಾಸನೆ, ಕತ್ತಿಗೆ ಅಡಿಕೆ ಒತ್ತಿದಾಗ ಬರುವ ಚರಕ್ ಅನ್ನುವ ಸದ್ದು. ಮಾವ ಸುಲಿಯುವಾಗ ಆ ಚರಕ್ ಸದ್ದಿಗೂ ಒಂದು ನಡೆ ಇರುತ್ತಿತ್ತು. ನಾನು ಅದೇ ಜಗಲಿಯ ತುದಿಯಲ್ಲಿ ಕ್ಯಾಸೆಟ್ ಹಾಕಿಕೊಂಡು ಕೂತಿದ್ದೆ.

ಬಿ ಮಗ್ಗುಲಿನ ಕಡೆಯ ಹಾಡು ಬಂತು. 'ವೆನ್ ದ ಲೆವೀ ಬ್ರೇಕ್ಸ್'. ಅದು ಬರೀ ಡ್ರಮ್ಮಿನಿಂದ ಶುರುವಾಗುತ್ತದೆ. ಧಡಾರ್ ಅನ್ನುವ ಪೆಟ್ಟು, ಆ ಪೆಟ್ಟಿನ ಹಿಂದೆ ಒಂದು ದೊಡ್ಡ ಗೂಡಿನಂಥ ಮೊಳಗು. ಮಾವನ ಕೈಯಲ್ಲಿದ್ದ ಅಡಿಕೆ ಕೈಯಲ್ಲೇ ಉಳಿಯಿತು.

"ಇದು ಎಲ್ಲಿ ಬಾರಿಸಿದ್ದು ಮಾಣಿ?"

"ಗೊತ್ತಿಲ್ಲ ಮಾವ. ನಿಮಗೆ ಎಂತ ಅನಿಸ್ತದೆ?"

"ದೇವಸ್ಥಾನದ ಗೋಪುರದ ಒಳಗೆ ನಿಂತು ಬಾರಿಸಿದ ಹಾಗೆ ಉಂಟು. ಮೇಲೆ ಎತ್ತರ ಉಂಟು ಅಲ್ಲಿ."

ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಅಂದರು, "ಆಚೆ ಮಗ್ಗುಲಿನವ ಬೇರೆ ಜನ. ಅವ ಓಡಿಕೊಂಡು ಬಾರಿಸ್ತಾನೆ. ಇವ ಕೂತು ಬಾರಿಸ್ತಾನೆ. ಪೆಟ್ಟನ್ನು ಒಂದು ಎಳೆ ಹಿಂದೆ ಹಾಕ್ತಾನೆ, ನೋಡು."

ಮೂವತ್ತು ವರ್ಷ ಕಳೆಯಿತು. ಈ ಎರಡು ತಂಡಗಳ ಬಗ್ಗೆ ಎಷ್ಟೋ ಓದಿದೆ, ಎಷ್ಟೋ ಜನರ ಹತ್ತಿರ ವಾದ ಮಾಡಿದೆ. ಆ ಮೂರು ಮಾತು ದಾಟಿ ಜಾಸ್ತಿ ದೂರ ಹೋಗಿದ್ದೇನೆ ಅಂತ ನನಗೆ ಅನಿಸುವುದಿಲ್ಲ.

ಮಾವ ಹೇಳಿದ ಎತ್ತರ ನಿಜವಾಗಿಯೂ ಇತ್ತು. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ಕಟ್ಟಡ. ಹಿಂದೆ ಬಡವರನ್ನು ಇರಿಸಿ ದುಡಿಸುತ್ತಿದ್ದ ಮನೆ ಅದು. ಸ್ಟುಡಿಯೋ ಅಲ್ಲ. ಲೆಡ್ ಜೆಪ್ಪೆಲಿನ್‌ನವರು ಚಳಿಗಾಲದಲ್ಲಿ ಅಲ್ಲಿ ಹೋಗಿ ಕೂತರು. ಜಾನ್ ಬಾನ್‌ಹ್ಯಾಮ್‌ನ ಡ್ರಮ್ಮನ್ನು ಮೆಟ್ಟಿಲಿನ ಬುಡದ ಹಾಲ್‌ನಲ್ಲಿ ಇಟ್ಟರು. ಆ್ಯಂಡಿ ಜಾನ್ಸ್ ಅನ್ನುವ ರೆಕಾರ್ಡಿಂಗ್ ಎಂಜಿನಿಯರ್ ಮೇಲಿನ ಮೆಟ್ಟಿಲಿನಿಂದ ಎರಡು ಮೈಕ್ ಇಳಿಬಿಟ್ಟರು. ಡ್ರಮ್ಮಿನ ಹತ್ತಿರ ಮೈಕ್ ಇಡುವ ಬದಲು ದೂರದಿಂದ, ಮೇಲಿನಿಂದ. ಪೆಟ್ಟಿಗಿಂತ ಪೆಟ್ಟು ಬಿದ್ದ ಮೇಲೆ ಆ ಮನೆ ಏನು ಮಾಡುತ್ತದೆ ಅನ್ನುವುದು ಹೆಚ್ಚು ಸಿಕ್ಕಿತು. ಆಮೇಲೆ ಟೇಪಿನ ವೇಗವನ್ನೂ ಸ್ವಲ್ಪ ಇಳಿಸಿದರು. ಅದಕ್ಕೇ ಆ ಸದ್ದು ಅಷ್ಟು ಮಂದ, ಅಷ್ಟು ಭಾರ.

ಮನೆಯ ಹೊರಗೆ ಒಂದು ಲಾರಿ ನಿಂತಿತ್ತು. ಲಾರಿಯೊಳಗೆ ಪೂರ್ತಿ ರೆಕಾರ್ಡಿಂಗ್ ಯಂತ್ರ. ಅದು ರೋಲಿಂಗ್ ಸ್ಟೋನ್ಸ್ ತಂಡದ ಲಾರಿ, ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು.

ಸುಮಾರು ಒಂದು ವರ್ಷದ ಮೇಲೆ, 1971ರ ಡಿಸೆಂಬರಿನಲ್ಲಿ, ಅದೇ ಲಾರಿ ಸ್ವಿಟ್ಜರ್ಲೆಂಡಿನ ಮೊಂಟ್ರೋದಲ್ಲಿ ನಿಂತಿತ್ತು. ಈ ಸಲ ಬಾಡಿಗೆಗೆ ತಂದವರು ಡೀಪ್ ಪರ್ಪಲ್. ಅಲ್ಲಿನ ಕ್ಯಾಸಿನೋದಲ್ಲಿ ಆಲ್ಬಂ ಮಾಡುವ ಯೋಚನೆ. ಡಿಸೆಂಬರ್ 4ರಂದು ಅಲ್ಲಿ ಫ್ರಾಂಕ್ ಜಪ್ಪಾನ ಕಾರ್ಯಕ್ರಮ ನಡೆಯುವಾಗ ಜನರ ಮಧ್ಯದಿಂದ ಯಾರೋ ಬೆಂಕಿಯ ಉಂಡೆ ಎಸೆಯುವ ಫ್ಲೇರ್ ಗನ್ ಹಾರಿಸಿದರು. ಇಡೀ ಕ್ಯಾಸಿನೋ ಸುಟ್ಟುಹೋಯಿತು. ಕೆರೆಯ ಮೇಲೆ ಹಬ್ಬಿದ ಹೊಗೆಯನ್ನು ನೋಡಿ ಬರೆದದ್ದೇ 'ಸ್ಮೋಕ್ ಆನ್ ದ ವಾಟರ್'. ಗಿಟಾರ್ ಕೈಗೆ ತಗೊಂಡವರೆಲ್ಲ ಮೊದಲು ಕಲಿಯುವ ಹಾಡು. ಅದರ ಟ್ರ್ಯಾಕನ್ನು ಊರಿನ ಒಂದು ಥಿಯೇಟರಿನಲ್ಲಿ ರಾತ್ರಿ ಬಾರಿಸುವಾಗ ಸುತ್ತಲಿನವರಿಗೆ ನಿದ್ದೆ ಇಲ್ಲದೆ ಪೊಲೀಸರು ಬಂದರು. ಬಾರಿಸಿ ಮುಗಿಯುವವರೆಗೆ ತಂಡದ ಕೆಲಸದವರು ಒಳಗಿನಿಂದ ಬಾಗಿಲು ಒತ್ತಿ ಹಿಡಿದು ನಿಂತಿದ್ದರು.

ಉಳಿದ ಹಾಡುಗಳಿಗೆ ಜಾಗ ಸಿಕ್ಕಿದ್ದು ಚಳಿಗೆ ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನಲ್ಲಿ. ಅಲ್ಲಿನ ಉದ್ದದ ಓಣಿಯಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಮೊಳಗು ತಡೆದರು. ಬಾರಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ರೂಮು, ಬಾಲ್ಕನಿ ಎಲ್ಲ ದಾಟಿ ಲಾರಿಗೆ ಹೋಗಬೇಕು. ಕೊನೆಗೆ ಹೋಗುವುದನ್ನೇ ಬಿಟ್ಟರು. ಬಾರಿಸುವಾಗ ಚೆನ್ನಾಗಿ ಅನಿಸಿದರೆ ಆಯಿತು, ಮುಂದಿನದು.

ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂದೇ ಲಾರಿ, ಒಂದೇ ಕ್ಯಾಸೆಟ್. ಒಬ್ಬರು ಮನೆಯ ಎತ್ತರವನ್ನು ಒಳಗೆ ಬಿಟ್ಟುಕೊಂಡರು. ಇನ್ನೊಬ್ಬರು ಹಾಸಿಗೆ ಒರಗಿಸಿ ಹೊರಗಿಟ್ಟರು, ಅವರಿಗೆ ಬೇಕಾದದ್ದು ಒಬ್ಬರ ಮುಖ ಒಬ್ಬರಿಗೆ ಕಂಡು ಬಾರಿಸುವ ಜಾಗ. ಎರಡು ತಂಡಗಳ ಶಕ್ತಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಕಟ್ಟಡಗಳಿಂದಲೇ ಶುರು ಮಾಡುತ್ತೇನೆ.

ಡೀಪ್ ಪರ್ಪಲ್ ನನ್ನ ಕಿವಿಗೆ ತಾಳಮದ್ದಳೆ. ಮಳೆಗಾಲದಲ್ಲಿ ನಮ್ಮ ಕಡೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಎದುರೆದುರು ಕೂತ ಅರ್ಥಧಾರಿಗಳು. ಮಾತಿಗೆ ಮಾತು. ಕೃಷ್ಣ ಒಂದು ಎಸೆದರೆ ಭೀಷ್ಮ ಅದನ್ನು ಹಿಡಿದು ಎರಡು ಮಾಡಿ ವಾಪಸು ಕೊಡಬೇಕು. ಕೇಳಲು ಕೂತವರ ಖುಷಿ ಎಲ್ಲ ಆ ಮರುಮಾತಿನಲ್ಲಿ. ಪರ್ಪಲ್‌ನಲ್ಲಿ ಹಾಗೆ ಎದುರೆದುರು ಕೂತವರು ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಮತ್ತು ಆರ್ಗನ್ನಿನ ಜಾನ್ ಲಾರ್ಡ್.

ಜಾನ್ ಲಾರ್ಡ್ ಒಂದು ಕೆಲಸ ಮಾಡಿದರು. ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆ್ಯಂಪ್ಲಿಫೈಯರ್‌ಗೆ ಜೋಡಿಸಿದರು. ಇಗರ್ಜಿಯಲ್ಲಿ ಕೇಳುವ ಮೆತ್ತಗಿನ ಸ್ವರ ಹೋಗಿ ಗರಗಸದ ಹಾಗೆ ಕೊರೆಯುವ ಸ್ವರ ಬಂತು. ಈಗ ಗಿಟಾರ್ ಎಷ್ಟು ಜೋರಾಗಿ ಮಾತಾಡಿದರೂ ಆರ್ಗನ್ ಸೋಲುವುದಿಲ್ಲ. ಎಷ್ಟೋ ಕಡೆ ಯಾವುದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ನಾನಂತೂ ಎರಡು ಗಿಟಾರ್ ಇದೆ ಅಂತಲೇ ವರ್ಷಗಟ್ಟಲೆ ತಿಳಿದಿದ್ದೆ. 'ಹೈವೇ ಸ್ಟಾರ್' ಕೇಳಿ. ಮೊದಲು ಲಾರ್ಡ್ ತನ್ನ ಅರ್ಥ ಹೇಳುತ್ತಾರೆ, ಬಾಖ್‌ನ ಕಾಲದ ಸಂಗೀತದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸ್ವರಗಳು. ಹಾಡಿನ ಇನ್ನೊಂದು ನುಡಿ ಆದ ಮೇಲೆ ಬ್ಲ್ಯಾಕ್‌ಮೋರ್ ಅದೇ ದಾರಿ ಹಿಡಿದು ಇನ್ನೂ ಬಿಗಿಯಾಗಿ, ಇನ್ನೂ ಚುರುಕಾಗಿ ಉತ್ತರ ಕೊಡುತ್ತಾರೆ. ಇಬ್ಬರೂ ಪಶ್ಚಿಮದ ಶಾಸ್ತ್ರೀಯ ಸಂಗೀತವನ್ನು ಚೆನ್ನಾಗಿ ಕೇಳಿದವರು. ಲಾರ್ಡ್ ಅಂತೂ 1969ರ ಸೆಪ್ಟೆಂಬರಿನಲ್ಲೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾವನ್ನೂ ತನ್ನ ರಾಕ್ ತಂಡವನ್ನೂ ಒಂದೇ ವೇದಿಕೆಗೆ ಹತ್ತಿಸಿ ಕನ್ಸರ್ಟೋ ಮಾಡಿಸಿದವರು.

ತಾಳಮದ್ದಳೆಯಲ್ಲಿ ಭಾಗವತರು ನಾಲ್ಕು ಸಾಲಿನ ಪದ ಹೇಳಿದರೆ ಅರ್ಥಧಾರಿ ಅದನ್ನು ಅರ್ಧ ಗಂಟೆ ಬೆಳೆಸಬಲ್ಲ. ಪರ್ಪಲ್‌ನವರಿಗೂ ಅದು ಬರುತ್ತಿತ್ತು. 'ಸ್ಪೇಸ್ ಟ್ರಕಿನ್' ಆಲ್ಬಮ್ಮಿನಲ್ಲಿ ಐದು ನಿಮಿಷವೂ ಇಲ್ಲ. 1972ರ ಆಗಸ್ಟಿನಲ್ಲಿ ಜಪಾನಿನ ಒಸಾಕಾ ಮತ್ತು ಟೋಕಿಯೋದಲ್ಲಿ ಮೂರು ರಾತ್ರಿ ಬಾರಿಸಿದ್ದನ್ನು 'ಮೇಡ್ ಇನ್ ಜಪಾನ್' ಅಂತ ಹೊರತಂದರಲ್ಲ, ಅದರಲ್ಲಿ ಅದೇ ಹಾಡು ಸುಮಾರು 20 ನಿಮಿಷ. ಅದೇ ಆಲ್ಬಮ್ಮಿನ ಇನ್ನೊಂದು ಹಾಡಿನಲ್ಲಿ ಗಾಯಕ ಇಯಾನ್ ಗಿಲ್ಲನ್ ಮತ್ತು ಬ್ಲ್ಯಾಕ್‌ಮೋರ್ ಎದುರುಬದುರಾಗುತ್ತಾರೆ. ಗಿಟಾರ್ ಒಂದು ಸ್ವರದ ಎಳೆ ಬಿಡುತ್ತದೆ, ಗಂಟಲು ಹಾಗೇ ವಾಪಸು ಹೇಳುತ್ತದೆ. ಇನ್ನೊಂದು ಬಿಡುತ್ತದೆ, ಸ್ವಲ್ಪ ಮೇಲೆ. ಗಂಟಲು ಅಲ್ಲಿಗೂ ಹೋಗುತ್ತದೆ. ಕೊನೆಗೆ ಗಿಲ್ಲನ್ ಗಿಟಾರನ್ನೂ ಬಿಟ್ಟು ಮೇಲೆ ಹೋಗಿ ಅಲ್ಲೇ ನಿಲ್ಲುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಏರುಪದ ಎತ್ತಿದ ಭಾಗವತರ ಸ್ವರ ಬಯಲಿನ ಆಚೆ ಗುಡ್ಡಕ್ಕೆ ಮುಟ್ಟುತ್ತದಲ್ಲ, ಹಾಗೆ. ಗಂಟಲಿನ ತಾಕತ್ತಿನಲ್ಲಿ ಗಿಲ್ಲನ್‌ಗೆ ಸರಿಯಾದವರು ರಾಕ್ ಸಂಗೀತದಲ್ಲಿ ಕಡಿಮೆ. ಜೆಪ್ಪೆಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಆ ಲೆಕ್ಕದಲ್ಲಿ ಎರಡನೆಯವರೇ.

'ಸ್ಮೋಕ್ ಆನ್ ದ ವಾಟರ್'ನ ಆ ಗಿಟಾರ್ ತುಣುಕಿನ ಬಗ್ಗೆಯೂ ಒಂದು ಮಾತು. ಸುಲಭ ಅಂತ ಎಲ್ಲರೂ ತಾತ್ಸಾರ ಮಾಡುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಮಧ್ಯೆ ಒಮ್ಮೆ ಪ್ರತಿ ಮಧ್ಯಮವನ್ನು ಮುಟ್ಟಿ ಕೆಳಗೆ ಇಳಿಯುವುದು. ಎರಡು ಮಧ್ಯಮ ಒಂದರ ಪಕ್ಕ ಒಂದು. ಆ ಪ್ರತಿ ಮಧ್ಯಮ ತೆಗೆದು ನೋಡಿ, ತುಣುಕು ಸತ್ತುಹೋಗುತ್ತದೆ. ಬ್ಲ್ಯಾಕ್‌ಮೋರ್ ಅದನ್ನು ಕಡ್ಡಿಯಿಂದ ಬಾರಿಸುವುದಿಲ್ಲ. ಎರಡು ತಂತಿಯನ್ನು ಎರಡು ಬೆರಳಿನಿಂದ ಒಟ್ಟಿಗೆ ಮೀಟುತ್ತಾರೆ. ಅದಕ್ಕೇ ಎರಡೂ ಸ್ವರ ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ. ಮೊದಲು ಗಿಟಾರ್ ಒಂದೇ. ಆಮೇಲೆ ಆರ್ಗನ್ ಮತ್ತು ತಾಳದ ತಟ್ಟೆ, ಆಮೇಲೆ ಪೂರ್ತಿ ಡ್ರಮ್, ಆಮೇಲೆ ರೋಜರ್ ಗ್ಲೋವರ್‌ನ ಬೇಸ್. ಒಬ್ಬೊಬ್ಬರಾಗಿ ಬಂದು ಚಾಪೆಯಲ್ಲಿ ಕೂತ ಹಾಗೆ.

ಇನ್ನು ಜೆಪ್ಪೆಲಿನ್. ಬಿ ಮಗ್ಗುಲು ಶುರುವಾಗುವುದು 'ಬ್ಲ್ಯಾಕ್ ಡಾಗ್' ಹಾಡಿನಿಂದ. ಪ್ಲಾಂಟ್ ಒಂದು ಸೊಲ್ಲು ಹಾಡುತ್ತಾರೆ, ಒಬ್ಬರೇ. ಹಿಂದೆ ಏನೂ ಇಲ್ಲ. ಸೊಲ್ಲು ಮುಗಿದ ಮೇಲೆ ಒಂದು ಎಡೆ. ಆಮೇಲೆ ಮೂವರೂ ಒಟ್ಟಿಗೆ ಬೀಳುತ್ತಾರೆ. ಆ ಎಡೆಯಲ್ಲಿ ನಮ್ಮ ಉಸಿರು ನಿಂತಿರುತ್ತದೆ. ಪರ್ಪಲ್ ಆಗಿದ್ದರೆ ಅಲ್ಲಿ ಆರ್ಗನ್ ಏನಾದರೂ ಹೇಳುತ್ತಿತ್ತು, ಸುಮ್ಮನಿರುವ ಜನ ಅಲ್ಲ ಅವರು. ಜೆಪ್ಪೆಲಿನ್ ಬಿಟ್ಟುಬಿಡುತ್ತಾರೆ.

ಹೀಗೆ ಬಿಡಲಿಕ್ಕೆ ಧೈರ್ಯ ಬೇಕು, ಅಲ್ವಾ? ಗಿಟಾರಿನ ಜಿಮ್ಮಿ ಪೇಜ್ ಮತ್ತು ಬೇಸಿನ ಜಾನ್ ಪಾಲ್ ಜೋನ್ಸ್ ಇಬ್ಬರೂ ತಂಡ ಕಟ್ಟುವ ಮೊದಲು ಲಂಡನ್ನಿನ ಸ್ಟುಡಿಯೋಗಳಲ್ಲಿ ಕೂಲಿ ಲೆಕ್ಕದಲ್ಲಿ ಬಾರಿಸಿದವರು. ಬೇರೆಯವರ ನೂರಾರು ಹಾಡಿಗೆ ಬೇಕಾದಷ್ಟೇ ಬಾರಿಸಿ ಎದ್ದು ಹೋಗುವ ಅಭ್ಯಾಸ ಇದ್ದವರು. ಎಷ್ಟು ಬಾರಿಸಬಾರದು ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ಅದೇ ಮಗ್ಗುಲಿನಲ್ಲಿ ಮ್ಯಾಂಡೊಲಿನ್ ಬರುತ್ತದೆ. ನಮ್ಮ ಮನೆಯಲ್ಲಿ ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಕ್ಯಾಸೆಟ್ ಇತ್ತು. ಇಚ್ಚ ಹೇಳಿದ 'ಇಂಗ್ಲಿಷ್ ಗಲಾಟೆ'ಯ ನಡುವೆ ಆ ವಾದ್ಯ ಕೇಳಿದಾಗ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತದ್ದು ನೆನಪಿದೆ. ಗುಡುಗಿನಂಥ ಡ್ರಮ್ ಬಾರಿಸುವ ತಂಡವೇ ಹೀಗೆ ಕೈಕಟ್ಟಿ ಕೂತು ಜಾನಪದ ಹಾಡಿನ ಹಾಗೆ ಹಾಡಬಲ್ಲದು. ಈ ಹರವು ಪರ್ಪಲ್‌ಗೆ ಇಲ್ಲ. ನನಗೆ ಪರ್ಪಲ್ ಎಷ್ಟೇ ಇಷ್ಟವಾದರೂ ಇದನ್ನು ಒಪ್ಪಲೇಬೇಕು. ಪರ್ಪಲ್ ಒಂದು ಕೋಣೆಯನ್ನು ತುಂಬಾ ಚೆನ್ನಾಗಿ ಬೆಳಗಿಸಿದರು. ಜೆಪ್ಪೆಲಿನ್‌ಗೆ ಅಂಗಳ, ತೋಟ, ಗುಡ್ಡ ಎಲ್ಲ ಇತ್ತು.

'ಸ್ಟೇರ್‌ವೇ ಟು ಹೆವನ್' ಬಗ್ಗೆ ಹೇಳದಿದ್ದರೆ ಯಾರೂ ಬಿಡುವುದಿಲ್ಲ. ಎಂಟು ನಿಮಿಷದ ಹಾಡು, ನಾಲ್ಕು ನಿಮಿಷ ದಾಟುವವರೆಗೆ ಡ್ರಮ್ ಇಲ್ಲ. ಶುರುವಿನಿಂದ ಕೊನೆಯವರೆಗೆ ವೇಗ ಗೊತ್ತಾಗದ ಹಾಗೆ ಏರುತ್ತಾ ಹೋಗುತ್ತದೆ. ಸ್ಟುಡಿಯೋದಲ್ಲಿ ಇದು ತಪ್ಪು, ಲಯ ಓಡಿತು ಅಂತ ಬೈಯುತ್ತಾರೆ. ಪೇಜ್ ಬೇಕೆಂದೇ ಹಾಗೆ ಮಾಡಿದ್ದು. ನಮಗೆ ಇದು ಹೊಸದಲ್ಲ. ದೇವಸ್ಥಾನದ ಉತ್ಸವಕ್ಕೆ ತೆಂಕಿನಿಂದ ಬರುವ ಚೆಂಡೆ ಮೇಳದವರು ಪಂಚಾರಿ ಬಾರಿಸುವುದನ್ನು ಕೇಳಿ ಬೆಳೆದವರು ನಾವು. ಮೊದಲ ಕಾಲಕ್ಕೆ ತಾಳದ ಒಂದು ಸುತ್ತಿಗೆ 96 ಅಕ್ಷರ. ಆಮೇಲೆ 48, 24, 12, ಕೊನೆಗೆ 6. ಶುರುವಿನಲ್ಲಿ ಆನೆ ನಡೆದ ಹಾಗೆ, ಕೊನೆಗೆ ಜನರ ಕೈ ತಾನಾಗಿ ಮೇಲೆ ಏರುತ್ತದೆ. ಗಡಿಯಲ್ಲಿ ಹುಟ್ಟಿದ್ದಕ್ಕೆ ಸಿಕ್ಕಿದ ಲಾಭ ಇದು. 1956ರಲ್ಲಿ ನಮ್ಮ ತಾಲೂಕನ್ನು ಕೇರಳಕ್ಕೆ ಸೇರಿಸಿದ ನೋವು ಮನೆಮನೆಯಲ್ಲಿ ಇತ್ತು, ಈಗಲೂ ಇದೆ. ಕಿವಿಗೆ ಮಾತ್ರ ಎರಡೂ ಕಡೆಯ ಚೆಂಡೆ ಬಿತ್ತು.

ಜೆಪ್ಪೆಲಿನ್ ಮೇಲೆ ಒಂದು ದೊಡ್ಡ ಆರೋಪ ಇದೆ. ಕಪ್ಪು ಜನರ ಬ್ಲೂಸ್ ಹಾಡುಗಳನ್ನು ತಗೊಂಡು ಹೆಸರು ಹಾಕಲಿಲ್ಲ ಅಂತ. ಆರೋಪ ನಿಜ. 'ಹೋಲ್ ಲೊಟ್ಟಾ ಲವ್' ಹಾಡಿನಲ್ಲಿ ವಿಲ್ಲಿ ಡಿಕ್ಸನ್ ಅವರ ಸಾಲುಗಳಿದ್ದವು. ಅವರು ಕೋರ್ಟಿಗೆ ಹೋದ ಮೇಲೆ ರಾಜಿಯಾಗಿ ಹೆಸರು ಸೇರಿತು. ಮೊದಲೇ ಹಾಕಬೇಕಿತ್ತು. ಮಾವನನ್ನು ತಡೆದು ನಿಲ್ಲಿಸಿದ ಹಾಡು ಕೂಡ 1929ರಲ್ಲಿ ಕಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ರೆಕಾರ್ಡ್ ಮಾಡಿದ್ದು, 1927ರ ಮಿಸಿಸಿಪ್ಪಿ ನೆರೆಯ ಬಗ್ಗೆ. ಅಲ್ಲಿ ಮಿನ್ನಿಯ ಹೆಸರು ಹಾಕಿದ್ದಾರೆ. ಪರ್ಪಲ್‌ನವರೂ ಪೂರ್ತಿ ಸಾಚಾ ಅಲ್ಲ. 'ಚೈಲ್ಡ್ ಇನ್ ಟೈಮ್'ನ ಆ ಆರ್ಗನ್ ಎಳೆ ಇಟ್ಸ್ ಎ ಬ್ಯೂಟಿಫುಲ್ ಡೇ ಅನ್ನುವ ಅಮೆರಿಕದ ತಂಡದ 'ಬಾಂಬೆ ಕಾಲಿಂಗ್'ನಿಂದ ಬಂದದ್ದು. ಕುಂಬಳೆ ಸೀಮೆಯವರಿಗೆ ಈ ಜಗಳ ಹಳೆಯದು. ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನದ್ದು ಅಂತ ಹಾಡುವ ರಾಮಾಯಣ ಪ್ರಸಂಗಗಳು ನಿಜವಾಗಿ ಯಾರದ್ದು ಅಂತ ಶಿವರಾಮ ಕಾರಂತರಂಥವರೂ ವಾದಕ್ಕಿಳಿದಿದ್ದರು. ಯಾರು ಬರೆದದ್ದು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ಹಸಿದು ಹಾಡಿದವನಿಗೆ ಅನ್ನ ಸಿಗುವುದು ಆ ಹೆಸರಿನಿಂದ.

ಮತ್ತೆ ಡ್ರಮ್ಮಿಗೆ ಬರುತ್ತೇನೆ. ಬಾನ್‌ಹ್ಯಾಮ್ ಹುಟ್ಟಿದ್ದು 1948ರ ಮೇ 31ರಂದು. ಪರ್ಪಲ್‌ನ ಇಯಾನ್ ಪೇಸ್ ಅದೇ ವರ್ಷ ಜೂನ್ 29ರಂದು. ಒಂದು ತಿಂಗಳೂ ಅಂತರ ಇಲ್ಲ. ಇಬ್ಬರೂ ಅಮೆರಿಕದ ಹಳೇ ಜಾಜ್ ಡ್ರಮ್ಮರ್ ಜೀನ್ ಕ್ರೂಪಾ ಅವರನ್ನು ಕೇಳಿ ಹುಚ್ಚರಾದವರು. ಒಂದೇ ಗುರುವಿನ ಎರಡು ಮಕ್ಕಳು ಅನ್ನಿ. ಪೇಸ್ ಎಡಗೈಯವರು. ಕೈ ತುಂಬಾ ಹಗುರ, ಚೆಂಡೆಯ ಉರುಳಿಕೆಯ ಹಾಗೆ ಸಣ್ಣ ಸಣ್ಣ ಪೆಟ್ಟು ಉದುರುತ್ತಲೇ ಇರುತ್ತದೆ. ಗಿಟಾರ್ ಏನು ಹೇಳಿತು, ಆರ್ಗನ್ ಏನು ಹೇಳಿತು, ಎಲ್ಲಕ್ಕೂ ಅವರ ಹತ್ತಿರ ಒಂದು ಸಣ್ಣ ಉತ್ತರ ಇರುತ್ತದೆ. ಲಯದ ತುದಿಯಲ್ಲಿ ನಿಂತು ತಂಡವನ್ನು ಮುಂದಕ್ಕೆ ಎಳೆಯುತ್ತಾರೆ. ಬಾನ್‌ಹ್ಯಾಮ್ ಪೆಟ್ಟನ್ನು ಕೂದಲೆಳೆಯಷ್ಟು ತಡ ಮಾಡಿ ಇಡುತ್ತಾರೆ. ಆ ತಡದಲ್ಲೇ ತೂಕ. ಚುರುಕು ಇಲ್ಲ ಅಂತಲ್ಲ. ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಒಂದೇ ಕಾಲಿನ ಪೆಡಲಿನಿಂದ ಎರಡು ಕಾಲಿನ ಕೆಲಸ ಮಾಡಿದವರು. ಇದ್ದರೂ ಎಲ್ಲ ಕಡೆ ತೋರಿಸುವುದಿಲ್ಲ.

1975ರ 'ಕಾಶ್ಮೀರ್' ಹಾಡಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆಸರು ಕಾಶ್ಮೀರ ಆದರೂ ಹಾಡು ಹುಟ್ಟಿದ್ದು ಮೊರಾಕೋದ ಮರುಭೂಮಿಯ ರಸ್ತೆಯಲ್ಲಿ. ಅದರಲ್ಲಿ ಡ್ರಮ್ ನಾಲ್ಕು ನಾಲ್ಕಾಗಿ ನಡೆಯುತ್ತದೆ. ಗಿಟಾರ್ ಮೂರು ಮೂರಾಗಿ ಏರುತ್ತದೆ. ಹನ್ನೆರಡಕ್ಕೆ ಇಬ್ಬರೂ ಒಂದೇ ಕಡೆ ಬಂದು ಮುಟ್ಟುತ್ತಾರೆ. ಮತ್ತೆ ಅಗಲುತ್ತಾರೆ. ಬೇರೆ ಡ್ರಮ್ಮರ್ ಆಗಿದ್ದರೆ ಆ ಮೂರರ ಲೆಕ್ಕವನ್ನು ಹಿಂಬಾಲಿಸಿ ಜಾಣತನ ತೋರಿಸುತ್ತಿದ್ದರು. ಬಾನ್‌ಹ್ಯಾಮ್ ಕದಲುವುದಿಲ್ಲ. ಕದಲದ ಕಾರಣಕ್ಕೇ ಗಿಟಾರ್ ನಡೆದಾಡುವುದು ನಮಗೆ ಕಾಣುತ್ತದೆ.

1980ರ ಸೆಪ್ಟೆಂಬರ್ 25ರಂದು ಬಾನ್‌ಹ್ಯಾಮ್ ತೀರಿಹೋದರು. 32 ವರ್ಷ. ಡಿಸೆಂಬರಿನಲ್ಲಿ ಉಳಿದ ಮೂವರು ಇನ್ನು ಮುಂದುವರಿಯುವುದಿಲ್ಲ ಅಂತ ಹೇಳಿದರು. ಪರ್ಪಲ್‌ನಲ್ಲಿ ಗಾಯಕರು ಬದಲಾದರು, ಬ್ಲ್ಯಾಕ್‌ಮೋರ್ ಬಿಟ್ಟರು, ಬಂದರು, ಮತ್ತೆ ಬಿಟ್ಟರು. 2012ರಲ್ಲಿ ಜಾನ್ ಲಾರ್ಡ್ ತೀರಿಕೊಂಡರು. 1968ರಿಂದ ಎಲ್ಲ ಅವತಾರದಲ್ಲೂ ಇದ್ದವರು ಪೇಸ್ ಒಬ್ಬರೇ. ತಂಡ ನಡೆಯುತ್ತಲೇ ಬಂತು. ಇದನ್ನು ನಾನು ಒಬ್ಬರ ನಿಷ್ಠೆ, ಇನ್ನೊಬ್ಬರ ಹಠ ಅಂತ ನೋಡುವುದಿಲ್ಲ. ಎರಡೂ ಅವರವರ ಸಂಗೀತದ ಗುಣ. ಅರ್ಥಧಾರಿ ಬದಲಾದರೆ ಪ್ರಸಂಗ ನಿಲ್ಲುವುದಿಲ್ಲ. ಹೊಸಬ ಬಂದು ಕೂತು ತನ್ನ ಮಾತು ಹೇಳುತ್ತಾನೆ. ಆದರೆ ನಾಲ್ವರು ನಡುವೆ ಬಿಟ್ಟ ಎಡೆ ಆ ನಾಲ್ವರದ್ದೇ. ಒಬ್ಬ ಹೋದರೆ ಅದು ಬೇರೆ ಯಾರಿಗೂ ಸರಿಹೊಂದುವುದಿಲ್ಲ.

ನನ್ನ ಪಕ್ಷ ಯಾವುದು ಅಂತ ಇಷ್ಟರಲ್ಲಿ ಗೊತ್ತಾಗಿರಬೇಕು. ಜೆಪ್ಪೆಲಿನ್. ತುಂಬಿಸುವುದಕ್ಕಿಂತ ಬಿಡುವುದು ಕಷ್ಟ ಅಂತ ನಂಬಿದವನು ನಾನು. ಅದನ್ನು ನನ್ನ ಕಿವಿಗೆ ಹಾಕಿದವರು ಮಾವ, ಹಾಗಾಗಿ ಅವರೂ ನನ್ನ ಕಡೆಯೇ ಅಂತ ಇಷ್ಟು ವರ್ಷ ಸುಮ್ನೆ ಅಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಮಾವನ ಮನೆಗೆ ಹೋಗಿದ್ದೆ. ಮೇಳ ಬಿಟ್ಟು ಬಹಳ ವರ್ಷ ಆಯಿತು. ಬಲ ಭುಜ ಮೇಲೆ ಎತ್ತಲಿಕ್ಕೆ ಆಗುವುದಿಲ್ಲ. ಚೆಂಡೆ ಗೋಡೆಯ ಮೊಳೆಯಲ್ಲಿ ಬಟ್ಟೆ ಸುತ್ತಿಕೊಂಡು ನೇತಾಡುತ್ತಿದೆ. ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ 'ವೆನ್ ದ ಲೆವೀ ಬ್ರೇಕ್ಸ್' ಹಾಕಿದೆ. ಮೆಟ್ಟಿಲಿನ ಕಥೆ, ಎರಡು ಮೈಕಿನ ಕಥೆ ಹೇಳಿದೆ. "ನಾನು ಹೇಳಿದ್ದೆ ಅಲ್ಲ, ಎತ್ತರ ಉಂಟು ಅಂತ" ಅಂದರು. ಮುಖದಲ್ಲಿ ಖುಷಿ ಇತ್ತು. ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿ ಕೂತರು. ಕೈ ತೊಡೆಯ ಮೇಲೆ ಹಾಗೇ ಇತ್ತು.

"ಈಗ ಆಚೆ ಮಗ್ಗುಲು ಹಾಕು" ಅಂದರು.

ಮಗ್ಗುಲು ಎಲ್ಲಿದೆ ಈಗ. ಹುಡುಕಿ 'ಹೈವೇ ಸ್ಟಾರ್' ಹಾಕಿದೆ. "ನಿಮಗೆ ಮೊದಲಿನದೇ ಇಷ್ಟ ಅಂತ ತಿಳಿದಿದ್ದೆ ಮಾವ."

"ಅದು ದೊಡ್ಡದು ಮಾರಾಯ. ಕೈಮುಗಿಯಬೇಕು ಅದಕ್ಕೆ. ಆದರೆ ಅದರಲ್ಲಿ ನನಗೆ ಕೆಲಸ ಇಲ್ಲ. ಇದರಲ್ಲಿ ನನಗೂ ಕೂರಲಿಕ್ಕೆ ಜಾಗ ಉಂಟು."

ಡ್ರಮ್ ಸಣ್ಣದಾಗಿ ಶುರುವಾಗಿ ಜೋರಾಗುತ್ತಾ ಬಂತು. ಮಾವ ಎಲೆ ಅಡಿಕೆಯ ಮರದ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. ಮುಚ್ಚಳದ ಮೇಲೆ ಎಡಗೈಯ ಎರಡು ಬೆರಳು ಮೊದಲು, ಆಮೇಲೆ ಮೆಲ್ಲಗೆ ಬಲಗೈ. ಲಾರ್ಡ್‌ನ ಆರ್ಗನ್ ಬರುವಾಗ ಪೇಸ್‌ನ ಪೆಟ್ಟುಗಳ ನಡುವೆ ಇನ್ನೊಂದು ಪೆಟ್ಟು ಸೇರಿಸಿ ಬಾರಿಸುತ್ತಿದ್ದರು. ಒಂದು ಕಡೆ ತಪ್ಪಿತು. ತಲೆ ಅಲ್ಲಾಡಿಸಿ ಮುಂದಿನ ಸುತ್ತಿಗೆ ಸರಿಯಾಗಿ ಹಿಡಿದರು. ಗಿಟಾರಿನ ಸರದಿ ಬಂದಾಗ ನನ್ನ ಕಡೆ ನೋಡಿ, ಸೌಂಡು ಜಾಸ್ತಿ ಮಾಡು ಅಂತ ಗಲ್ಲದಲ್ಲೇ ಸನ್ನೆ ಮಾಡಿದರು. ಎರಡೂ ಕೈ ಕೆಲಸದಲ್ಲಿತ್ತು.